ಫೋರ್ಕು ಒಬ್ಬರದೇ

ಹೋದ ವಾರ ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲಿ ನನ್ನ ಬೈಕಿನ ಮುಂದಿನ ಗಾಲಿ ಹಿಡಿದ ಫೋರ್ಕು ಬಿಚ್ಚಿಸಿದೆ. ಸೀಲು ಹೋಗಿ ಎಣ್ಣೆ ಸೋರುತ್ತಿತ್ತು. ಮೆಕ್ಯಾನಿಕ್ ಕೊಳವೆಯನ್ನು ತಲೆಕೆಳಗು ಮಾಡಿ ಹಳೆಯ ಎಣ್ಣೆಯನ್ನು ಡಬ್ಬಿಗೆ ಸುರಿದ. ಬೂದಿ ಬಣ್ಣದ ಎಣ್ಣೆ, ಹಳಸಿದ ಮೀನಿನಂಥ ವಾಸನೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವರು ಮೂಗು ಮುಚ್ಚಿಕೊಂಡು ಆ ಕಡೆ ಸರಿದರು. ನಾನು ಮಾತ್ರ ಡಬ್ಬಿಯ ಹತ್ತಿರವೇ ನಿಂತಿದ್ದೆ. ಎಷ್ಟೋ ಭಾನುವಾರಗಳ ವಾಸನೆ ಅದು… ಅದರ ಜೊತೆಗೆ ಹಳೆಯ ಹೊಟ್ಟೆಕಿಚ್ಚೂ ಎದ್ದು ಬಂತು. ಇಷ್ಟು ವರ್ಷಕ್ಕೆ ಅದು ಆರಿರಬಹುದು ಅಂದುಕೊಂಡಿದ್ದೆ, ಆರಿರಲಿಲ್ಲ.

ಆ ಭಾನುವಾರಗಳ ಕಾಲದಲ್ಲಿ ನಾನು ಹುಮನಾಬಾದಿನ ಒಂದು ಅಡತಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ, ಅಂಗಡಿ ಮಾತ್ರ ಬೇರೆ. ರೈತರು ತಂದ ತೊಗರಿ, ಉದ್ದು, ಸೋಯಾ ಚೀಲಗಳನ್ನು ಕಾಟಾದ ಮೇಲೆ ಇಡಿಸಿ ತೂಕ ಕೂಗುವುದು. ನಮ್ಮೂರು ದುಬಲಗುಂಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಸ್ವಂತಕ್ಕೆ ಒಂದು ಸಾದಾ ಬೈಕೂ ಇಲ್ಲದವನಿಗೆ ಕಲ್ಲುಮಣ್ಣಿನ ಮೇಲೆ ಹಾರಿಸುವ ಡರ್ಟ್ ಬೈಕಿನ ಹುಚ್ಚು ಎಲ್ಲಿಂದ ಹತ್ತಿತೋ, ನನಗೂ ಗೊತ್ತಿಲ್ಲ. ಹುಚ್ಚು ಹತ್ತಿದವನಿಗೆ ಗುರು ಸಿಕ್ಕೇ ಸಿಗುತ್ತಾನೆ. ನನಗೆ ಸಿಕ್ಕವರು ಮಿಸ್ತ್ರಿಯವರು.

ಬಸವಕಲ್ಯಾಣದ ಕಡೆ ಹೋಗುವ ರಸ್ತೆಯಲ್ಲಿ ಬೈಕು ರಿಪೇರಿ ಮಾಡುವ ಅವರದೊಂದು ತಗಡಿನ ಶೆಡ್ಡು. ಅದರ ಬೆನ್ನಿಗೇ ಮನೆ. ಮೂಲತಃ ಘಾಟಬೋರಾಳದ ಕುರಿ ಸಾಕುವ ಮನೆತನದವರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಕುರಿ ಸಂತೆಗಳನ್ನು ತಿರುಗಿ, ಆಮೇಲೆ ಅದನ್ನು ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದವರು. ಒಳ್ಳೆಯ ಮನುಷ್ಯ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ನನ್ನಿಂದಾಗದು. ಬಾಯಿ ಹರಿತ. ಹೊಗಳುವುದರಲ್ಲಿ ಮಹಾ ಜಿಪುಣ. ಯಾರಾದರೂ ಅವರನ್ನು ಹೊಗಳಿದರೆ ಮಾತ್ರ ಮುಖ ಅರಳುತ್ತಿತ್ತು. ಹಿಂದೊಮ್ಮೆ ಜೋರಾಗಿ ಬೈಕು ಹಾರಿಸಲು ಹೋಗಿ ಬಿದ್ದು ತೊಡೆಯಲ್ಲಿ ರಾಡು ಹಾಕಿಸಿಕೊಂಡಿದ್ದರು. ಅವರ ಹೆಂಡತಿ, ನಾವು ಕಾಕು ಎಂದು ಕರೆಯುತ್ತಿದ್ದವರು, ಇನ್ನು ಗಾಡಿ ಹಾರಿಸುವುದಿಲ್ಲ ಎಂದು ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಆಣೆ ಮಾಡಿಸಿದ್ದರಂತೆ. ಆದರೂ ಯಾರೋ ಮುರಿದು ಮಾರಿದ್ದ ಒಂದು ಡರ್ಟ್ ಬೈಕನ್ನು ತಂದು, ತಿಂಗಳುಗಟ್ಟಲೆ ಕೂತು ಕಟ್ಟಿ ನಿಲ್ಲಿಸಿದರು. ಬೈಕು ಅವರದು. ಓಡಿಸಲು ಬೇರೆಯವರು ಬೇಕಾಗಿತ್ತು.

ಹಾಗೆ ಸೇರಿದವರು ನಾವಿಬ್ಬರು. ನಾನು, ಮತ್ತೆ ಮೋರಖಂಡಿ ಎಂಬ ಊರಿನವನೊಬ್ಬ. ಅವನು ತಮ್ಮ ಹೊಲದ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಎತ್ತರದ ಆಳು, ಅಗಲ ಭುಜ. ನಾನು ನಿಂತರೆ ಗಾಳಿ ಬೀಸಿದ ಕಡೆ ವಾಲುವಂಥವನು. ರಸ್ತೆಯಿಂದ ಒಳಗೆ ಹಾಳುಬಿದ್ದ ಒಂದು ಕೆಂಪು ಕಲ್ಲಿನ ಖಣಿ ಇತ್ತು. ಕಲ್ಲು ಕೊಯ್ದು ಬಿಟ್ಟ ತಗ್ಗು, ದಿನ್ನೆ, ಮೊರಮು ಮಣ್ಣಿನ ರಾಶಿ. ಭಾನುವಾರ ಬೆಳಗಾದರೆ ನಮ್ಮ ಆಟ ಅಲ್ಲಿ. ಮಿಸ್ತ್ರಿಯವರು ದಿನ್ನೆಯ ಮೇಲೆ ಕೈಕಟ್ಟಿ ನಿಂತು ನೋಡುತ್ತಿದ್ದರು.

ಡರ್ಟ್ ಬೈಕಿನ ಮರ್ಮ ಮುಂದಿನ ಫೋರ್ಕಿನಲ್ಲಿದೆ ಎಂದು ತಿಳಿದದ್ದು ಅಲ್ಲಿಯೇ. ಕೊಳವೆಯೊಳಗೆ ಸ್ಪ್ರಿಂಗು, ಅದರ ಮೇಲೊಂದು ಪೈಪಿನ ತುಂಡು, ಅದನ್ನು ಒತ್ತಿ ಹಿಡಿದ ಮುಚ್ಚಳ. ಓಡಿಸುವವನು ಕೂತಾಗ ಫೋರ್ಕು ಒಂದು ಅಳತೆಗೆ ಕುಸಿಯಬೇಕು. ಹೆಚ್ಚು ಕುಸಿದರೆ ತಗ್ಗಿಗೆ ಇಳಿದಾಗ ತಳಕ್ಕೆ ಬಡಿಯುತ್ತದೆ. ಕಡಿಮೆ ಕುಸಿದರೆ ಪ್ರತಿ ಕಲ್ಲಿಗೂ ಮುಂದಿನ ಗಾಲಿ ಪುಟಿದು ಮುಂಗೈ ಜೋಮು ಹಿಡಿಯುತ್ತದೆ. ದೊಡ್ಡ ಊರುಗಳಲ್ಲಿ ಆಳಿನ ತೂಕಕ್ಕೆ ತಕ್ಕ ಸ್ಪ್ರಿಂಗನ್ನೇ ಬೇರೆ ಹಾಕುತ್ತಾರಂತೆ. ನಮಗೆ ಅದೆಲ್ಲಿ ಸಿಗಬೇಕು? ಮಿಸ್ತ್ರಿಯವರು ಬೋರ್‌ವೆಲ್ಲಿನ ಪೈಪು ಕೊಯ್ದು ತುಂಡು ಮಾಡಿಕೊಂಡಿದ್ದರು. ತುಂಡು ಉದ್ದವಾದಷ್ಟೂ ಸ್ಪ್ರಿಂಗು ಬಿಗಿಯಾಗಿ ಫೋರ್ಕು ಕಡಿಮೆ ಕುಸಿಯುತ್ತದೆ. ಭಾರದ ಆಳಿಗೆ ಉದ್ದನೆಯ ತುಂಡು, ಹಗುರ ಆಳಿಗೆ ಗಿಡ್ಡನೆಯದು. ಕೊಳವೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ನಮ್ಮನ್ನು ಕೂರಿಸಿ, ಮೆಲ್ಲಗೆ ಇಳಿಸಿ, ಅದು ಎಷ್ಟು ಸರಿದಿದೆ ಎಂದು ಬೆರಳಿಟ್ಟು ಅಳೆಯುತ್ತಿದ್ದರು. ಅವರ ನಾಲ್ಕು ಬೆರಳು ಸರಿದಿದ್ದರೆ ಬರಾಬರ್.

ಅವರು ತೂಕ ನೋಡುವ ರೀತಿಯೇ ಬೇರೆ. ನಾನು ಕಾಟಾದ ಆಳು, ಅಂಗಡಿಯಲ್ಲಿ ನಿಂತು ತೂಗಿಸಿಕೊಂಡು ಬಂದು ಇಷ್ಟಿದ್ದೇನೆ ಎಂದು ಹೇಳಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಸಂತೆಯಲ್ಲಿ ಕುರಿ ಕೊಳ್ಳುವವರು ಹೊಟ್ಟೆಯ ಕೆಳಗೆ ಕೈಹಾಕಿ ಎತ್ತಿ ನೋಡುತ್ತಾರಲ್ಲ, ಹಾಗೆ ನನ್ನ ನಡುವಿಗೆ ಎರಡೂ ಕೈ ಹಾಕಿ ನೆಲದಿಂದ ಎತ್ತಿದರು. ಎತ್ತಿ ಒಮ್ಮೆ ಅಲುಗಿಸಿದರು. ನನಗೆ ನಾಚಿಕೆ, ಮೋರಖಂಡಿಯವನಿಗೆ ನಗು.

"ಕಾಟಾ ಸತ್ತ ವಜನ ಹೇಳತದ ತಮ್ಮಾ," ಅಂದರು. "ಗಾಡಿ ಮ್ಯಾಲ ಕೂಡೋದು ಜೀವ ಇರೋ ವಜನ. ಎತ್ತಿದ್ರ ಅದು ಎಲ್ಲಿ ಕುಂತದ ಗೊತ್ತಾಗತದ."

ಪ್ರತಿ ಸಲವೂ ಅವರ ಅಂದಾಜು ಸರಿಯಿರುತ್ತಿತ್ತು ಎಂದೇನಲ್ಲ. ಎಷ್ಟೋ ಸಲ ತಪ್ಪಿ, ತುಂಡನ್ನು ಮತ್ತೆ ಕೊಯ್ದು, ತಪ್ಪನ್ನು ಪೈಪಿನ ಮೇಲೆ ಹೊರಿಸಿ ಬೈಯುತ್ತಿದ್ದರು. ಆದರೆ ಎತ್ತಿಸಿಕೊಳ್ಳುವುದು ನನಗೆ ರುಚಿಸತೊಡಗಿತು. ನನ್ನ ತಂದೆ ಚಿಕ್ಕಂದಿನಲ್ಲೂ ನನ್ನನ್ನು ಎತ್ತಿಕೊಂಡ ನೆನಪಿಲ್ಲ.

ಮೊದಲ ಕೆಲವು ತಿಂಗಳು ನ್ಯಾಯ ನಡೆಯಿತು. ಬೆಳಿಗ್ಗೆ ನನ್ನ ಗಿಡ್ಡ ತುಂಡು ಹಾಕಿದರೆ ನಾನು ಓಡಿಸುವುದು. ನಡುವೆ ಚಹಾ. ಆಮೇಲೆ ಮುಚ್ಚಳ ಬಿಚ್ಚಿ, ಉದ್ದ ತುಂಡು ಹಾಕಿ, ಅವನ ಪಾಳಿ. ಮಿಸ್ತ್ರಿಯವರು ಬದಲಿಸುವುದನ್ನು ನಾನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದೆ. ಅವನ ತುಂಡಿನ ತುದಿಯನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿದ್ದರು. ನನ್ನದರ ತುದಿ ಗರಗಸ ಬಿಟ್ಟ ಹಾಗೆಯೇ ಇತ್ತು. ಇದು ಹೇಳುವಷ್ಟು ದೊಡ್ಡ ಮಾತಲ್ಲ ಎಂದು ಗೊತ್ತು. ಆದರೂ ಬಸ್ಸಿನಲ್ಲಿ ದುಬಲಗುಂಡಿಗೆ ಹೋಗುವಾಗ ನಾನು ಯೋಚಿಸುತ್ತಿದ್ದದ್ದು ಅದನ್ನೇ. ಅವನು ಆಗಾಗ ಗಿಣ್ಣ ತಂದುಕೊಡುತ್ತಿದ್ದ, ಅದಕ್ಕೇ ಅವನ ಮೇಲೆ ಪ್ರೀತಿ ಅಂದುಕೊಂಡೆ. ನಾನೂ ಅಂಗಡಿಯ ಒಳ್ಳೆಯ ತೊಗರಿ ಒಯ್ದು ಕಾಕುಗೆ ಕೊಟ್ಟೆ. ಬೇಳೆ ಚೆನ್ನಾಗಿ ಬೆಂದಿತು ಅಂದರು. ನನ್ನ ತುಂಡಿನ ತುದಿ ಮಾತ್ರ ಹಾಗೆಯೇ ಉಳಿಯಿತು.

ಆಗ ರೇಸಿನ ಸುದ್ದಿ ಬಂತು. ಕಲಬುರಗಿಯ ಕಡೆ ಒಂದು ಬಯಲಿನಲ್ಲಿ ಡರ್ಟ್ ಬೈಕ್ ರೇಸು. ನಮ್ಮದು ಒಂದೇ ಬೈಕು, ಹೋಗುವವನು ಒಬ್ಬನೇ. ಯಾರು ಎಂದು ಕೇಳಿದರೆ ಮಿಸ್ತ್ರಿಯವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ನೋಡೋಣ ಅನ್ನುವರು, ಇನ್ನೂ ಟೈಮದ ಅನ್ನುವರು. ಅಡತಿಯಲ್ಲಿ ನನ್ನ ಕೈ ಚೀಲ ತೂಗುತ್ತಿತ್ತು, ಮನಸ್ಸು ಆ ಬಯಲಿನಲ್ಲಿ ಬೈಕು ಹಾರಿಸುತ್ತಿತ್ತು. ಬಾಯಿ ಬಿಟ್ಟು ಹೇಳುತ್ತೇನೆ, ಗೆಲ್ಲಬೇಕು ಎಂದು ನನಗಿರಲಿಲ್ಲ. ಅವರು ನನ್ನನ್ನು ಆರಿಸಬೇಕಿತ್ತು, ಅಷ್ಟೇ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ನಾನೇ ಮೊದಲು ಬೈಕು ಹತ್ತಿದೆ. ಕೂತ ಕೂಡಲೇ ಗೊತ್ತಾಯಿತು. ಫೋರ್ಕು ಕುಸಿಯಲಿಲ್ಲ. ಹ್ಯಾಂಡಲ್ ಎದೆಯ ಹತ್ತಿರ ಎತ್ತರಕ್ಕೆ ನಿಂತಿತ್ತು, ಹೊಸ ಮನೆಗೆ ಬಂದ ನೆಂಟನಿಗೆ ಎತ್ತರದ ಕುರ್ಚಿ ಕೊಟ್ಟಂತೆ. ಒಳಗಿದ್ದದ್ದು ಅವನ ತುಂಡು. ಅವತ್ತು ಅದನ್ನು ಬದಲಿಸಲೇ ಇಲ್ಲ.

"ಕಾಕಾ, ನನ್ನ ತುಂಡು ಹಾಕಿಲ್ಲೇನ್ರಿ?" ಅಂದೆ.

"ಪದೇ ಪದೇ ಬಿಚ್ಚಿದ್ರ ಮುಚ್ಚಳದ ಥ್ರೆಡ್ ಹೋಗತದ," ಅಂದರು ನನ್ನ ಮುಖ ನೋಡದೆ.

"ಹಂಗಿದ್ರ ಇಬ್ಬರಿಗೂ ನಡುವಿಂದೊಂದು ತುಂಡು ಮಾಡ್ರಿ."

"ನಡುವಿನ ವಜನದಾಂವ ಯಾಂವ ಹಾನ ಇಲ್ಲಿ? ಇಬ್ಬರಿಗೂ ಕೆಡತದ. ಗಾಡಿ ಬೇಕಾದ್ರ ಹತ್ತು ಮಂದಿದು ಇರಲಿ. ಫೋರ್ಕ್ ಒಬ್ಬರದೇ."

ಯಾರು ಹೋಗುತ್ತಾರೆ ಎಂದು ಅವರು ಇನ್ನೂ ಬಾಯಿಬಿಟ್ಟು ಹೇಳಿರಲಿಲ್ಲ. ಫೋರ್ಕು ಹೇಳಿಯಾಗಿತ್ತು. ಅವತ್ತು ಆ ಎತ್ತರದ ಫೋರ್ಕಿನ ಮೇಲೆಯೇ ಹಟ ಹಿಡಿದು ಓಡಿಸಿದೆ. ಮುಂದಿನ ಗಾಲಿ ಎಲ್ಲಿ ಹೋಗಬೇಡ ಅಂದರೆ ಅಲ್ಲಿಗೇ ಪುಟಿಯಿತು. ಇಳಿದಾಗ ಬೆರಳು ಮಡಚಲು ಬರುತ್ತಿರಲಿಲ್ಲ.

ಅವತ್ತೇ ನನ್ನ ತಲೆಯಲ್ಲಿ ಒಂದು ಘನವಾದ ವಿಚಾರ ಹುಟ್ಟಿತು. ಫೋರ್ಕು ನನಗೆ ಹೊಂದದಿದ್ದರೆ ನಾನೇ ಫೋರ್ಕಿಗೆ ಹೊಂದಬೇಕು. ಅಂದರೆ ದಪ್ಪಗಾಗಬೇಕು. ಬಾಳೆಹಣ್ಣು, ನೆನೆಸಿದ ಶೇಂಗಾ, ರೊಟ್ಟಿಯ ಮೇಲೆ ತುಪ್ಪ, ಖಾನಾವಳಿಯಲ್ಲಿ ಎರಡೆರಡು ಊಟ. ನನ್ನ ಅವ್ವ ಮಗನಿಗೆ ಕೊನೆಗೂ ಹಸಿವು ಹುಟ್ಟಿತು ಎಂದು ದೇವರಿಗೆ ಕಾಯಿ ಒಡೆಸಿದಳು. ಅಂಗಡಿ ಬಾಗಿಲು ಹಾಕುವ ಮೊದಲು ಕಾಟಾದ ಮೇಲೆ ನಿಲ್ಲುತ್ತಿದ್ದೆ. ಹಮಾಲರು ತಮಾಷೆಗೆ, "ಈ ಚೀಲದಾಗ ಇನ್ನೂ ಮಾಲು ಹಿಡಿತದ್ರಿ" ಅನ್ನುತ್ತಿದ್ದರು. ತಿಂದದ್ದೆಲ್ಲ ಎಲ್ಲಿ ಹೋಗುತ್ತಿತ್ತೋ… ಕಾಟಾದ ಮುಳ್ಳು ನನ್ನ ಮೇಲೆ ದಯೆ ತೋರಲಿಲ್ಲ.

ರೇಸಿಗೆ ಒಂದು ವಾರ ಇತ್ತು. ಆ ಭಾನುವಾರ ಬಸ್ಸು ಹತ್ತುವ ಮೊದಲು ಉಪ್ಪಿನಕಾಯಿ ನೆಕ್ಕಿ ನೆಕ್ಕಿ, ಹೊಟ್ಟೆ ಬಿರಿಯುವಷ್ಟು ಮಜ್ಜಿಗೆ ಕುಡಿದೆ. ಇಳಿದ ಮೇಲೆ ಮತ್ತೆ ನೀರು. ಶೆಡ್ಡಿಗೆ ಹೋಗಿ, "ಕಾಕಾ, ನನ್ನ ವಜನ ಏರ್ಯದ, ಬೇಕಾದ್ರ ಎತ್ತಿ ನೋಡ್ರಿ," ಅಂದೆ.

ಅವರು ಕೈಯೊರೆಸಿಕೊಂಡು ಬಂದರು. ನಡುವಿಗೆ ಕೈಹಾಕಿ ಎತ್ತಿದರು. ಅಲುಗಿಸಿದರು. ಹೊಟ್ಟೆಯೊಳಗಿನ ಮಜ್ಜಿಗೆ ಶೆಡ್ಡಿನ ಮೂಲೆಗೂ ಕೇಳುವಂತೆ ಗುಳುಗುಳು ಅಂದಿತು. ಮಿಸ್ತ್ರಿಯವರು ನನ್ನನ್ನು ಕೆಳಗಿಳಿಸಲಿಲ್ಲ, ಹಿಡಿದುಕೊಂಡೇ ನಗತೊಡಗಿದರು.

"ಸಂತಿಗಿ ತರೋ ಮುಂದ ಕುರಿಗೆ ಉಪ್ಪು ನೆಕ್ಕಿಸಿ ನೀರು ಕುಡಸ್ತಾರ, ವಜನ ಬರಲಿ ಅಂತ. ನಮ್ಮಪ್ಪ ಹಿಂಗೇ ಎತ್ತಿ ಅಲುಗಿಸಿ ಕಳ್ಳತನ ಹಿಡೀತಿದ್ದ. ಕುರಿ ತಾನೇ ಕುಡದು ಬಂದದ್ದು ಮಾತ್ರ ಇವತ್ತೇ ನೋಡಿದ್ದು."

ಮೋರಖಂಡಿಯವನು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ. "ಉಪ್ಪು ತಿಂದಾಂವ ನೀರು ಕುಡೀಲೇಬೇಕಲ್ರಿ ಕಾಕಾ," ಅಂದ. ಒಳಗಿನಿಂದ ಕಾಕು ಬಂದು ಏನಾಯಿತು ಎಂದು ಕೇಳಿ ಅವರೂ ಸೆರಗು ಬಾಯಿಗಿಟ್ಟುಕೊಂಡರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಆದರೆ ಶೆಡ್ಡಿನ ಹಿಂದೆ ಹೋಗಿ ಕುಡಿದದ್ದನ್ನೆಲ್ಲ ಇಳಿಸುವಾಗ ಕಣ್ಣಲ್ಲೂ ನೀರಿತ್ತು. ಅವನಿಗೆ ಹುಟ್ಟುತ್ತಲೇ ಬಂದ ತೂಕ ನನಗೆ ಉಂಡರೂ ಬರಲಿಲ್ಲವಲ್ಲ ಎಂದು ಉರಿಯಿತು.

ರೇಸಿಗೆ ಅವನೇ ಹೋದ. ನಾವೆಲ್ಲ ಟೆಂಪೋದಲ್ಲಿ ಹೋದೆವು. ಅರ್ಧ ಓಟದಲ್ಲಿ ಚೈನು ಕಡಿಯಿತು. ಬೈಕು ತಳ್ಳಿಕೊಂಡು, ಮೈಯೆಲ್ಲ ದೂಳಾಗಿ ಬಂದ. ದೇವರಾಣೆ, ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಬೈಗುಳ ಬೀಳುತ್ತದೆ ಎಂದು ಕಾದೆ. ಮಿಸ್ತ್ರಿಯವರು ಮುಂದೆ ಹೋಗಿ, ಹೆಗಲ ಮೇಲಿನ ಟವೆಲಿನಿಂದ ಅವನ ಮುಖ ಒರೆಸಿದರು. "ಫೋರ್ಕ್ ಹ್ಯಾಂಗಿತ್ತು?" ಅಂತ ಕೇಳಿದರು, ಅಷ್ಟೇ. ಅವನು, "ನನ್ನ ಕೈಕಾಲ್ ಇದ್ದಂಗ ಇತ್ರಿ," ಅಂದ. ಅವರ ಮುಖ ಅರಳಿದ್ದನ್ನು ನಾನು ನೋಡಬಾರದಿತ್ತು. ಅವನು ಗೆದ್ದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಆಮೇಲೆ ತೊಗರಿಯ ಸುಗ್ಗಿ ಬಂತು, ಭಾನುವಾರವೂ ಅಡತಿ ತೆರೆದಿರುತ್ತಿತ್ತು. ನನಗೆ ಮದುವೆಯಾಯಿತು, ಹುಮನಾಬಾದಿನಲ್ಲೇ ಬಾಡಿಗೆ ಮನೆ ಹಿಡಿದೆ. ಮೋರಖಂಡಿಯವನೂ ಹೊಲದ ಕೆಲಸದಲ್ಲಿ ಸಿಕ್ಕಿಕೊಂಡ. ಖಣಿಯ ಆಟ ಹಾಗೇ ನಿಂತಿತು. ಮಿಸ್ತ್ರಿಯವರಿಗೆ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿದೆ ಎಂದು ಕೇಳಿ ಒಮ್ಮೆ ನೋಡಲು ಹೋಗಿದ್ದೆ. ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಎತ್ತುತ್ತಿದ್ದ ತೋಳುಗಳಲ್ಲಿ ಮಾಂಸವೇ ಉಳಿದಿರಲಿಲ್ಲ, ಅಂಗಿ ಬೇರೆಯವರದೇನೋ ಅನ್ನುವ ಹಾಗೆ ಜೋತಾಡುತ್ತಿತ್ತು. "ಈಗ ನೀನೇ ನನ್ನ ಎತ್ತಬಹುದು ನೋಡು," ಅಂದರು. ನಾನು ಎತ್ತಲಿಲ್ಲ… ಚಹಾ ಕುಡಿದು ಬಂದೆ.

ಅವರು ತೀರಿಕೊಂಡ ಮುಂದಿನ ತಿಂಗಳು ಕಾಕು ನಮ್ಮಿಬ್ಬರಿಗೂ ಹೇಳಿಕಳಿಸಿದರು. ಶೆಡ್ಡಿನ ನಡುವೆ ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು.

"ಇದು ಯಾರಿಗಂತ ಅವರು ಹೇಳಿ ಹೋಗಿಲ್ರಪ್ಪಾ," ಅಂದರು ಕಾಕು. "ದವಾಖಾನಿಗಿ ಸೇರೋ ಮುಂದ ತಾವೇ ಮುಂದಿಂದೆಲ್ಲ ಬಿಚ್ಚಿ ಮತ್ತ ಕಟ್ಟ್ಯಾರ. ಯಾರ ವಜನಕ್ಕ ಕಟ್ಟ್ಯಾರೋ ನನಗೇನ್ ತಿಳೀತದ. ಇಬ್ಬರೂ ಕುಂತು ನೋಡ್ರಿ. ಯಾರಿಗಿ ಹೊಂದತದ ಅವರು ಒಯ್ರಿ."

ನನ್ನ ವಜನಕ್ಕೇ ಕಟ್ಟಿರಲಿ ಎಂಬ ಆಸೆ ಹತ್ತಿತು. ಸಾವಿನ ಮನೆಯಲ್ಲಿ ನಿಂತು ಹೀಗಾಗಬಾರದು, ಆದರೂ ಆಯಿತು. ಮೋರಖಂಡಿಯವನು ಮೊದಲು ಹತ್ತಿದ. ಅವನು ಕೂತದ್ದೇ ಫೋರ್ಕು ನಿಟ್ಟುಸಿರು ಬಿಟ್ಟು ಕೆಳಗೆ ಹೋಯಿತು. ಹೋಯಿತು, ಇನ್ನೂ ಹೋಯಿತು. ಅವನು ಇಳಿದು ನನ್ನನ್ನು ನೋಡಿದ. "ನಂದಲ್ಲ ಇದು. ನಿಂದೇ," ಅಂದ. ಅವನ ಮುಖ ಸಪ್ಪಗಾದದ್ದನ್ನು ನೋಡಿ ಬೆರಗಾದೆ. ಇಷ್ಟು ವರ್ಷ ಉರಿಯುವುದು ನನಗೊಬ್ಬನಿಗೇ ಗುತ್ತಿಗೆ ಅಂದುಕೊಂಡಿದ್ದೆ.

ನಾನು ಹತ್ತಿದೆ. ಕಣ್ಣು ಮುಚ್ಚಿ ಕೂತೆ. ನನ್ನ ಕೆಳಗೂ ಫೋರ್ಕು ಕುಸಿಯಿತು, ಕುಸಿಯಬೇಕಾದ ಕಡೆ ನಿಲ್ಲದೆ ಮತ್ತೂ ಇಳಿಯಿತು. ಇಳಿದು ರಬ್ಬರ್ ಬ್ಯಾಂಡಿಗೆ ಬೆರಳಿಟ್ಟು ನೋಡಿದೆ. ನಾಲ್ಕು ಬೆರಳಿನ ಮೇಲೆ ಇನ್ನೂ ಜಾಗ ಉಳಿದಿತ್ತು. ಮತ್ತೆ ಹತ್ತಿ, ಇಳಿದು, ಮತ್ತೆ ಅಳೆದೆ. ಅಷ್ಟೇ. ನನ್ನದೂ ಅಲ್ಲ. ಮನಸ್ಸು ಕುಸಿಯುವ ಮೊದಲು ಅವನದೂ ಅಲ್ಲವಲ್ಲ ಎಂಬ ಒಂದು ಸಣ್ಣ ಸಮಾಧಾನ ಬಂದು ಹೋಯಿತು.

ಅವನು ಪಾನಾ ತಂದು ಮುಚ್ಚಳ ಬಿಚ್ಚಿದ. ಒಳಗೆ ಅವನ ಉದ್ದ ತುಂಡೂ ಇರಲಿಲ್ಲ, ನನ್ನ ಗಿಡ್ಡ ತುಂಡೂ ಇರಲಿಲ್ಲ. ಹೊಸದಾಗಿ ಕೊಯ್ದ ಮೂರನೆಯ ತುಂಡೊಂದಿತ್ತು, ನನ್ನದಕ್ಕಿಂತಲೂ ಎಷ್ಟೋ ಗಿಡ್ಡ.

"ಇಷ್ಟು ಹಗುರ ಯಾರ ಅದಾರಪ್ಪಾ ನಮ್ಮೊಳಗ?" ಅಂದ ಅವನು.

ನಾವಿಬ್ಬರೂ ತಿರುಗಿದ್ದು ಕಾಕುವಿನ ಕಡೆಗೆ. ಅವರು ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನಿಂತಿದ್ದರು. "ಮುಂಜಾನಿ ವಾಕಿಂಗ್ ಹೋಗ್ತೀನಿ ಅಂತಿದ್ರು," ಅಂದರು. "ವಾಕಿಂಗಿಗಿ ಯಾರು ಬೂಟ್ ಹಾಕ್ಕೊಂಡು, ಗಾಡಿ ನೂಕಿಕೊಂಡು ಹೋಗ್ತಾರ? ದೂರ ಹೋಗಿ ಚಾಲೂ ಮಾಡ್ತಿದ್ರು, ನನಗ ಕೇಳಬಾರದಂತ. ಕೇಳತಿತ್ತು. ಆಣಿ ಮಾಡಿಸಿದಾಕಿ ನಾನೇ. ಕೇಳಿಲ್ಲ ಅನ್ನಂಗ ರೊಟ್ಟಿ ಬಡಕೋಂತ ಕೂಡ್ತಿದ್ದೆ."

ನಾನು ಇವನನ್ನು ನೋಡಿ ಉರಿದೆ, ಇವನು ನನ್ನನ್ನು ನೋಡಿ ಉರಿದ. ದಿನ್ನೆಯ ಮೇಲೆ ಕೈಕಟ್ಟಿ ನಿಂತವರು ನಮ್ಮಿಬ್ಬರನ್ನೂ ನೋಡಿ ಅದೆಷ್ಟು ಉರಿದುಕೊಂಡರೋ… ನಮ್ಮಿಬ್ಬರಿಗೂ ಅದು ಒಮ್ಮೆಯೂ ಹೊಳೆದಿರಲಿಲ್ಲ. ಮೈಯಲ್ಲಿ ಮಾಂಸ ಕರಗಿದ ಮೇಲೆ, ಕರಗಿದ ಆ ಮೈಯ ತೂಕಕ್ಕೇ ಪೈಪು ಕೊಯ್ದುಕೊಂಡು ಅವರು ಒಬ್ಬರೇ ಖಣಿಗೆ ಹೋಗಿದ್ದರು. ಅವರನ್ನು ಎತ್ತಿ ವಜನ ಹೇಳಲು ಯಾರೂ ಇರಲಿಲ್ಲ. ಎಷ್ಟು ಸಲ ಕೊಯ್ದು ತಪ್ಪಿದರೋ.

ತುಂಡನ್ನು ಹಾಗೆಯೇ ಒಳಗಿಟ್ಟು ಮುಚ್ಚಳ ಬಿಗಿದೆವು. ಕಾಕು ಮತ್ತೆ ಯಾರು ಒಯ್ಯುತ್ತೀರಿ ಎಂದು ಕೇಳಿದರು. ಆ ಹೊತ್ತಿನಲ್ಲಿ ಏನು ದೊಡ್ಡತನ ಮೈಮೇಲೆ ಬಂತೋ, ಅವನಿಗೆ ಹೊಲವಿದೆ, ಜಾಗವಿದೆ, ಅವನೇ ಒಯ್ಯಲಿ ಅಂದುಬಿಟ್ಟೆ. ರಸ್ತೆಗೆ ಬರುವುದರೊಳಗೆ ನಾಲಿಗೆ ಕಚ್ಚಿಕೊಂಡೆ. ಆಗಲೇ ಅವನು ಟ್ರ್ಯಾಕ್ಟರಿನ ಟ್ರೇಲರಿಗೆ ಬೈಕು ಏರಿಸಿಯಾಗಿತ್ತು.

ಹೋದ ವಾರ ಗ್ಯಾರೇಜಿನಲ್ಲಿ ಆ ಎಣ್ಣೆಯ ಮುಂದೆ ನಿಂತವನು ತಡೆಯಲಾಗದೆ ಅವನಿಗೆ ಫೋನ್ ಮಾಡಿದೆ. ಹೊಲದಲ್ಲಿದ್ದ. ಮಳೆ, ಸೋಯಾ, ಮಕ್ಕಳ ಶಾಲೆ ಎಲ್ಲ ಮಾತಾಡಿ, ಕೊನೆಗೆ ಫೋರ್ಕು ನಿನ್ನ ತೂಕಕ್ಕೆ ಮಾಡಿಸಿಕೊಂಡೆಯಾ ಎಂದು ಕೇಳಿದೆ.

"ಇಲ್ಲ ಮಾರಾಯ. ಹಂಗೇ ಅದ," ಅಂದ. "ನಾ ಕುಂತ್ರ ಒಂದು ಸಣ್ಣ ಕಲ್ಲಿಗೂ ತಳಕ್ಕ ಬಡೀತದ, ಧಡ್ ಅಂತ. ಅದಕ್ಕ ಮೆಲ್ಲಕ ಹೊಡೀತೀನಿ. ಅವರ ತುಂಡು ತೆಗೀಲಾಕ ಕೈ ಬರವಲ್ದು."

ಫೋನಿಟ್ಟು ಗ್ಯಾರೇಜಿನಿಂದ ಹೊರಟೆ. ಮಿಸ್ತ್ರಿಯವರಿಲ್ಲ, ಶೆಡ್ಡಿನ ಜಾಗದಲ್ಲಿ ಈಗ ಯಾರದೋ ಟೈಲ್ಸ್ ಅಂಗಡಿ. ಯಾರಿಗೆ ಹೆಚ್ಚು ಯಾರಿಗೆ ಕಡಿಮೆ ಎಂದು ಇನ್ನು ಜಗಳವಾಡಲು ಏನೂ ಉಳಿದಿಲ್ಲ. ಆದರೂ ಅಡತಿಗೆ ಹೋಗುವ ದಾರಿಯುದ್ದಕ್ಕೂ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಅವರ ವಜನಕ್ಕೆ ಕಟ್ಟಿದ ಫೋರ್ಕು ತಳಕ್ಕೆ ಬಡಿಯುವ ಆ ಸದ್ದು ಕೂಡ ಅವನ ಪಾಲಿಗೇ ಹೋಯಿತಲ್ಲ.